ಕಲಿತ ಭಾಷೆಯನ್ನು ಕಲಿಸುವುದು

ನಾನು ಇರುವುದು ಒಂದು ದೇಶದಲ್ಲಿ. ನನ್ನ ವಿದ್ಯಾರ್ಥಿಗಳು ಇರುವುದು ಬೇರೆ ಬೇರೆ ದೇಶಗಳಲ್ಲಿ. ಕಲಿಸುವುದು ಇಂಗ್ಲಿಷ್, ಮನೆಮಾತು ಕನ್ನಡ. ಹೊರಗೆ ಕಾಲಿಟ್ಟರೆ ಕಿವಿಗೆ ಬೀಳುವುದು ಇವೆರಡೂ ಅಲ್ಲದ ಇನ್ನೊಂದು ಭಾಷೆ. ಅದನ್ನು ನಾನಿನ್ನೂ ಕಲಿಯುತ್ತಲೇ ಇದ್ದೇನೆ. ಪರದೇಶದಲ್ಲಿ ನೆಲೆಸಿ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುವ ಎಷ್ಟೋ ಜನರ ಬದುಕು ಹೆಚ್ಚುಕಮ್ಮಿ ಹೀಗೇ ಇರುತ್ತದೆ.

ಈ ಕೆಲಸಕ್ಕೆ ಬರಬೇಕು ಅನ್ನುವವರು ಮೊದಲು ಕೇಳುವುದು ದುಡ್ಡಿನ ವಿಷಯ, ಆಮೇಲೆ ವೀಸಾ ವಿಷಯ. ಎರಡೂ ಕೇಳಬೇಕಾದದ್ದೇ, ಮುಂದೆ ಬರೆಯುತ್ತೇನೆ. ಆದರೆ ಇನ್ನೊಂದು ಪ್ರಶ್ನೆ ಇರುತ್ತದೆ. ಅದನ್ನು ಸ್ವಲ್ಪ ಅಳುಕುತ್ತಾ ಕೇಳುತ್ತಾರೆ: "ನಮ್ಮಂಥವರ ಹತ್ತಿರ ಯಾರಾದರೂ ಇಂಗ್ಲಿಷ್ ಕಲಿಯುತ್ತಾರಾ?" ಈ ಬರಹ ಆ ಪ್ರಶ್ನೆಗೆ. ಖಂಡಿತ ಕಲಿಯುತ್ತಾರೆ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರು, ಈಗ ಪರದೇಶದಲ್ಲಿ ಮತ್ತೊಂದು ಭಾಷೆಯಲ್ಲಿ ತಡವರಿಸುತ್ತಿರುವವರು, ಈ ಕೆಲಸಕ್ಕೆ ಹೇಳಿ ಮಾಡಿಸಿದವರು ಎಂದೇ ನಾನು ನಂಬಿದ್ದೇನೆ.

ಮಾರುಕಟ್ಟೆ ಮಾತ್ರ ಹಾಗೆ ನಂಬಿರಲಿಲ್ಲ. 2013ರಲ್ಲಿ ಬೀಜಿಂಗ್‌ನಲ್ಲಿ ವಿಐಪಿಕಿಡ್ ಅನ್ನುವ ಕಂಪನಿ ಶುರುವಾಯಿತು. ಪರದೆಯ ಆ ಕಡೆ ಚೀನಾದ ಒಂದು ಮಗು, ಈ ಕಡೆ ಅಮೆರಿಕದ ಅಥವಾ ಕೆನಡಾದ ಒಬ್ಬ ಶಿಕ್ಷಕರು, 25 ನಿಮಿಷದ ಪಾಠ. ಸ್ಲೈಡುಗಳನ್ನು ಕಂಪನಿಯೇ ತಯಾರಿಸಿ ಕೊಡುತ್ತಿತ್ತು. ಅದರ ಬೆನ್ನಿಗೇ ಅಂಥ ಇನ್ನೂ ಎಷ್ಟೋ ಕಂಪನಿಗಳು ಹುಟ್ಟಿಕೊಂಡವು. ಶಿಕ್ಷಕರು ಎಲ್ಲಿ ಕೂತಿದ್ದಾರೆ ಅನ್ನುವುದು ಅಷ್ಟು ಮುಖ್ಯವಾಗಿರಲಿಲ್ಲ. ಯಾವ ದೇಶದ ಪಾಸ್‌ಪೋರ್ಟ್ ಅನ್ನುವುದು ಮುಖ್ಯವಾಗಿತ್ತು. ಹಾಗಾಗಿ ಇಂಗ್ಲಿಷ್ ಮನೆಮಾತಾದ ಎಷ್ಟೋ ಜನ ಇಷ್ಟಬಂದ ದೇಶದಲ್ಲಿ ಮನೆ ಮಾಡಿಕೊಂಡು ಬೀಜಿಂಗ್ ಸಮಯಕ್ಕೆ ಪಾಠ ಮಾಡುತ್ತಾ ಬದುಕು ಕಟ್ಟಿಕೊಂಡರು. ಬೇರೆಯವರಿಗೆ ಅರ್ಜಿ ತುಂಬುವ ಮೊದಲ ಪುಟದಲ್ಲೇ ಬಾಗಿಲು ಮುಚ್ಚುತ್ತಿತ್ತು.

ಆ ಲೋಕ ಮುಗಿದದ್ದು ಒಂದು ಸರ್ಕಾರಿ ಆದೇಶದಿಂದ. 2021ರ ಜುಲೈ 24ರಂದು ಚೀನಾ ಮಕ್ಕಳ ಎರಡು ಹೊರೆಗಳನ್ನು ಇಳಿಸುವ ನೀತಿ ಪ್ರಕಟಿಸಿತು. ಒಂದು, ಶಾಲೆ ಕೊಡುವ ಹೋಂವರ್ಕ್. ಇನ್ನೊಂದು, ಹೊರಗಿನ ಟ್ಯೂಷನ್. ಆನ್‌ಲೈನ್ ಪಾಠ 30 ನಿಮಿಷ ಮೀರಬಾರದು, ರಾತ್ರಿ 9ರ ಒಳಗೆ ಮುಗಿಯಬೇಕು, ವಾರದ ಕೊನೆಯಲ್ಲಿ ಮತ್ತು ರಜೆಗಳಲ್ಲಿ ಶಾಲಾ ವಿಷಯಗಳ ಟ್ಯೂಷನ್ ಇರಬಾರದು ಅಂತೆಲ್ಲ ಅದರಲ್ಲಿತ್ತು. ಜೊತೆಗೆ ಇನ್ನೊಂದು ಸಾಲು: ದೇಶದ ಹೊರಗಿರುವ ವಿದೇಶಿಯರನ್ನು ಪಾಠಕ್ಕೆ ಇಟ್ಟುಕೊಳ್ಳಬಾರದು. ಆ ಸಾಲಿನಿಂದ ಎಷ್ಟೋ ಸಂಸಾರಗಳ ಲೆಕ್ಕಾಚಾರ ತಲೆಕೆಳಗಾಯಿತು. ಒಂದೇ ದೇಶದ, ಒಂದೇ ಕಂಪನಿಯ ಮೇಲೆ ಬದುಕು ನಿಂತರೆ ಎಷ್ಟು ಬೇಗ ಕುಸಿಯಬಹುದು ಅಂತ ಈ ಕ್ಷೇತ್ರದಲ್ಲಿದ್ದವರು ಆ ವರ್ಷ ಕಣ್ಣಾರೆ ನೋಡಿದರು.

ಅಲ್ಲಿಂದ ಹೊರಬಿದ್ದ ಅನೇಕರು ವಿದ್ಯಾರ್ಥಿಗಳೇ ಶಿಕ್ಷಕರನ್ನು ಆರಿಸಿಕೊಳ್ಳುವ ತಾಣಗಳಿಗೆ ಬಂದರು. 2007ರಲ್ಲಿ ಶುರುವಾದ ಐಟಾಕಿ, 2012ರಲ್ಲಿ ಶುರುವಾದ ಪ್ರೆಪ್ಲಿ ಇಂಥವು. ಇಲ್ಲಿ ಪಾಸ್‌ಪೋರ್ಟಿನ ಅಡ್ಡಿ ಕಡಿಮೆ. ನನ್ನಂಥವರಿಗೆ ಜಾಗ ಸಿಕ್ಕಿದ್ದು ಇಲ್ಲಿಯೇ. ಆದರೂ ಶಿಕ್ಷಕರನ್ನು ಹುಡುಕುವ ಪುಟದಲ್ಲಿ ಮನೆಮಾತು ಇಂಗ್ಲಿಷ್ ಆಗಿರುವವರನ್ನು ಮಾತ್ರ ತೋರಿಸು ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿದ ಕ್ಷಣ ನಾವೆಲ್ಲ ಮಾಯ. ನಮ್ಮ ತರಬೇತಿ, ಅನುಭವ, ಹಳೆಯ ವಿದ್ಯಾರ್ಥಿಗಳು ಬರೆದ ಮೆಚ್ಚುಗೆ ಯಾವುದೂ ಕಾಣುವುದಿಲ್ಲ.

ಇದು ನ್ಯಾಯವಲ್ಲ ಅಂತ ಹೇಳುತ್ತಿರುವವರಲ್ಲಿ ನಾನೇ ಮೊದಲಿಗರಲ್ಲ. ಶ್ರೀನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರೊಫೆಸರ್ ಆಗಿದ್ದ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷಿನ ಲೋಕವನ್ನು ಮೂರು ವರ್ತುಲಗಳಾಗಿ ಬರೆದು ತೋರಿಸಿದರು. ಒಳಗಿನದು ಬ್ರಿಟನ್, ಅಮೆರಿಕದಂಥ ದೇಶಗಳದು. ಅದರ ಹೊರಗೆ ಭಾರತ, ನೈಜೀರಿಯಾ, ಸಿಂಗಪುರದಂಥ ದೇಶಗಳು. ಇಲ್ಲಿ ಇಂಗ್ಲಿಷ್ ಹೊರಗಿನಿಂದ ಬಂದು ಬೇರು ಬಿಟ್ಟಿದೆ. ಮೂರನೆಯದು ಚೀನಾ, ಜಪಾನಿನಂಥ ದೇಶಗಳದು, ಇವು ಇಂಗ್ಲಿಷನ್ನು ಹೊರಗಿನ ಭಾಷೆಯಾಗಿ ಕಲಿಯುತ್ತವೆ. ಎರಡನೆಯ ವರ್ತುಲದ ಇಂಗ್ಲಿಷ್ ಕೆಟ್ಟ ನಕಲಲ್ಲ, ಅದಕ್ಕೂ ತನ್ನದೇ ನಡೆ ಇದೆ ಎನ್ನುವುದು ಕಚ್ರು ಅವರ ವಾದ. ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವಾದ ಟೀಸಾಲ್ 1991ರಲ್ಲೇ, ಮನೆಮಾತನ್ನು ನೋಡಿ ಕೆಲಸ ನಿರಾಕರಿಸುವುದು ತಪ್ಪು ಎಂದು ಹೇಳಿಕೆ ಕೊಟ್ಟಿತು. 2006ರಲ್ಲಿ ಮತ್ತೆ ಹೇಳಿತು.

ನನಗೆ ಜಾಸ್ತಿ ಹತ್ತಿರವಾದ ಮಾತು ಹಂಗೇರಿಯ ಪೀಟರ್ ಮೆಡ್ಯೆಶ್ ಅವರದು. ಅವರೂ ಇಂಗ್ಲಿಷನ್ನು ಕಲಿತೇ ಕಲಿಸಿದವರು. 1992ರಲ್ಲಿ ಅವರು ವಾದಿಸಿದ್ದು ಹೀಗೆ: ಭಾಷೆಯನ್ನು ಕಲಿತು ಗೆದ್ದವರು ವಿದ್ಯಾರ್ಥಿಗಳ ಮುಂದೆ ನಿಂತ ಜೀವಂತ ಉದಾಹರಣೆ. ಕಲಿಯುವ ಉಪಾಯಗಳು ಅವರಿಗೆ ಗೊತ್ತು. ಎಲ್ಲಿ ಎಡವುತ್ತಾರೆ ಅನ್ನುವುದು ಮೊದಲೇ ಗೊತ್ತು. ಈ ಕೊನೆಯ ಮಾತು ಎಷ್ಟು ನಿಜ ಅನ್ನುವುದು ಪಾಠಕ್ಕೆ ಕೂತಾಗ ತಿಳಿಯುತ್ತದೆ.

ಜಪಾನಿನವರು, ಕೊರಿಯಾದವರು, ಟರ್ಕಿಯವರು ನನ್ನ ಹತ್ತಿರ ಕಲಿಯುತ್ತಾರೆ. ಈ ಮೂವರ ಭಾಷೆಗಳಲ್ಲೂ ಕ್ರಿಯಾಪದ ಬರುವುದು ಕನ್ನಡದ ಹಾಗೆ ವಾಕ್ಯದ ಕೊನೆಯಲ್ಲಿ. ಯಾರು, ಯಾವಾಗ, ಯಾರ ಜೊತೆ, ಎಲ್ಲಿಗೆ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ 'ಹೋದೆ' ಬರುತ್ತದೆ. ಅಷ್ಟು ಹೊತ್ತು ಯೋಚಿಸಲು ಸಮಯ ಸಿಗುತ್ತದೆ. ಇಂಗ್ಲಿಷ್ ಆ ಸಮಯ ಕೊಡುವುದಿಲ್ಲ. 'ಐ' ಅಂದ ತಕ್ಷಣ ಕ್ರಿಯಾಪದ ಬೇಕು, ಅದರ ಕಾಲವೂ ಅಲ್ಲೇ ತೀರ್ಮಾನವಾಗಬೇಕು. ಅದಕ್ಕೇ ಇವರು 'ಐ' ಅಂತ ಹೇಳಿ ನಿಂತುಬಿಡುತ್ತಾರೆ. ಈ ನಿಲುಗಡೆ ನೋಡಿದ ಎಷ್ಟೋ ಶಿಕ್ಷಕರು ಪದ ಗೊತ್ತಿಲ್ಲ ಅಂದುಕೊಂಡು ಯಾವುದೋ ನಾಮಪದ ಹೇಳಿಕೊಡುತ್ತಾರೆ. ಬೇಕಾದದ್ದು ಅದಲ್ಲ. ಅವರು ವಾಕ್ಯದ ಬಾಲವನ್ನು ಕುತ್ತಿಗೆಗೆ ತರುವ ಸಾಹಸದಲ್ಲಿದ್ದಾರೆ. ನಾನೂ ಅದನ್ನೇ ಮಾಡಿ ಇಲ್ಲಿಗೆ ಬಂದವನಾದ್ದರಿಂದ ಅದು ಗೊತ್ತು.

ಹಾಗಾಗಿ ಇವರಿಗೆ ಮೊದಲ ವಾರಗಳಲ್ಲಿ ಉದ್ದದ ವಾಕ್ಯ ಕೊಡುವುದೇ ಇಲ್ಲ. 'ಐ ವೆಂಟ್', 'ಶಿ ಕಾಲ್ಡ್', 'ದೇ ವಾಂಟ್', 'ವಿ ಫರ್ಗಾಟ್'. ಯಾರು ಮತ್ತು ಏನು ಮಾಡಿದರು, ಇಷ್ಟೇ. ಈ ಜೋಡಿ ನಾಲಿಗೆಯ ತುದಿಗೆ ಬಂದ ಮೇಲೆ ಬಾಲ ಸೇರಿಸುವುದು: ಎಲ್ಲಿಗೆ, ಯಾರ ಜೊತೆ, ಯಾವಾಗ. ಜಪಾನಿನ ಒಬ್ಬ ಎಂಜಿನಿಯರ್ ಶಾಲೆ, ಕಾಲೇಜಿನಲ್ಲೆಲ್ಲ ಇಂಗ್ಲಿಷ್ ಓದಿದ್ದರು. ತಾಂತ್ರಿಕ ಕೈಪಿಡಿಗಳನ್ನು ಸಲೀಸಾಗಿ ಓದುತ್ತಿದ್ದರು. ಮಾತು ಮಾತ್ರ ಬರುತ್ತಿರಲಿಲ್ಲ. ಈ ಜೋಡಿಗಳ ಅಭ್ಯಾಸ ಶುರುವಾದ ಮೇಲೆ ಅವರು ಮೀಟಿಂಗಿನಲ್ಲಿ ಬಾಯಿ ಬಿಡಲು ಶುರುಮಾಡಿದರು.

ಉಚ್ಚಾರದಲ್ಲೂ ಹೀಗೇ. ಜಪಾನಿ ಭಾಷೆಗೆ ವ್ಯಂಜನದಲ್ಲಿ ಪದ ಮುಗಿಸುವುದು ಒಗ್ಗುವುದಿಲ್ಲ, 'ನ್' ಒಂದನ್ನು ಬಿಟ್ಟರೆ. ಅವರು 'ಬಸು' ಅನ್ನುತ್ತಾರೆ. ನಾವು ಬಸ್ಸು, ರೋಡು, ಬ್ಯಾಂಕು ಅನ್ನುವುದಿಲ್ವಾ, ಹಾಗೇ. ತುದಿಯ ಸ್ವರ ಬಿಡಿ ಅಂತ ಸುಮ್ನೆ ಹೇಳಿದರೆ ಬಿಡಲು ಆಗುವುದಿಲ್ಲ. ಇಲ್ಲಿ ಒಂದು ಉಪಾಯ ಕೆಲಸ ಮಾಡುತ್ತದೆ. ಮುಂದಿನ ಪದ ಸ್ವರದಿಂದ ಶುರುವಾಗುವ ಹಾಗೆ ವಾಕ್ಯ ಕೊಡಬೇಕು: 'ದ ಬಸ್ ಈಸ್ ಲೇಟ್'. 'ಬಸೀಸ್' ಅಂತ ಕೂಡಿಸಿ ಹೇಳಿಸಿದರೆ ಹೆಚ್ಚಿನ 'ಉ' ತಾನಾಗಿ ಜಾರಿಹೋಗುತ್ತದೆ. ಸಂಧಿ ಗೊತ್ತಿರುವ ಭಾಷೆಯಿಂದ ಬಂದವರಿಗೆ ಈ ಉಪಾಯ ಬೇಗ ಹೊಳೆಯುತ್ತದೆ.

ಇಂಗ್ಲಿಷಿನ 'ಎ' ಮತ್ತು 'ದ' ಎಲ್ಲಿ ಹಾಕಬೇಕು ಅನ್ನುವ ಗೋಳು ಕನ್ನಡಿಗರಿಗೂ ಇದೆ, ರಷ್ಯನ್ನರಿಗೂ ಇದೆ, ಚೀನಿಯರಿಗೂ ಇದೆ. 'ನಾನು ಶಿಕ್ಷಕ' ಅಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. ರಷ್ಯನ್ನಿನಲ್ಲೂ ಮುಗಿಯಿತು. ಇಂಗ್ಲಿಷಿಗೆ ನಡುವೆ 'ಆ್ಯಮ್' ಬೇಕು, 'ಎ' ಬೇಕು. ರಷ್ಯನ್ ವಿದ್ಯಾರ್ಥಿ ಅದನ್ನು ಬಿಟ್ಟಾಗ ನನಗೆ ಆಶ್ಚರ್ಯವೂ ಆಗುವುದಿಲ್ಲ, ಬೇಸರವೂ ಆಗುವುದಿಲ್ಲ.

ಎಲ್ಲ ವಿದ್ಯಾರ್ಥಿಗಳ ವಿಷಯದಲ್ಲೂ ನನ್ನ ಕನ್ನಡ ನೆರವಾಗುತ್ತದೆ ಅಂತಲ್ಲ. ಸ್ಪ್ಯಾನಿಷ್ ಮಾತಾಡುವವರಿಗೆ ಹ್ರಸ್ವ, ದೀರ್ಘದ ಗೊಡವೆಯೇ ಇಲ್ಲ. 'ಶಿಪ್' ಮತ್ತು 'ಶೀಪ್' ಅವರಿಗೆ ಒಂದೇ ಥರ ಕೇಳಿಸುತ್ತವೆ. ಹುಟ್ಟಿನಿಂದಲೇ ಈ ವ್ಯತ್ಯಾಸ ಕೇಳಿಸಿಕೊಂಡ ನನಗೆ ಅವರ ಕಷ್ಟ ಒಳಗಿನಿಂದ ಗೊತ್ತಿಲ್ಲ. ಅರಬ್ಬರ ಭಾಷೆಯಲ್ಲಿ 'ಪ' ಇಲ್ಲ, ಬರಹ ಬಲದಿಂದ ಎಡಕ್ಕೆ ಸಾಗುತ್ತದೆ. ಇಲ್ಲೆಲ್ಲ ತರಬೇತಿಯೇ ಬೇಕು. ಇಂಗ್ಲಿಷ್ ಕಲಿಸುವವರಿಗಾಗಿ ಇರುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸಿನಲ್ಲಿ ಸುಮಾರು 120 ಗಂಟೆಗಳ ತರಬೇತಿ ಇರುತ್ತದೆ. ಅದರಲ್ಲೇ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆ ಕಲಿಸಿ ತೋರಿಸಬೇಕು, ಹಿಂದೆ ಕೂತ ಅನುಭವಿಗಳು ಗಮನಿಸಿ ತಿದ್ದುತ್ತಾರೆ. ಆ 6 ಗಂಟೆಯೇ ಅದರ ಜೀವ. ಯಾರ ಮುಂದೆಯೂ ಒಂದು ಪಾಠ ಮಾಡದೆ, ವಿಡಿಯೋ ನೋಡಿ ಗುಂಡಿ ಒತ್ತಿ ಪಡೆಯುವ ಸರ್ಟಿಫಿಕೇಟುಗಳೂ ಬೇಕಾದಷ್ಟಿವೆ. ಅವುಗಳಿಗೆ ದುಡ್ಡು ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಭಾಷೆ ಬರುವುದು ಬೇರೆ, ಕಲಿಸಲು ಬರುವುದು ಬೇರೆ. ಇದು ಲಂಡನ್‌ನಲ್ಲಿ ಹುಟ್ಟಿದವರಿಗೂ ಅನ್ವಯಿಸುತ್ತದೆ.

'ಅಮೆರಿಕನ್ನರ ಹಾಗೆ ಮಾತಾಡಬೇಕು' ಎಂದು ಕೇಳಿಕೊಂಡು ಬರುವವರು ಇದ್ದಾರೆ. ಅವರ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ. ಯಾರ ಜೊತೆ ಮಾತಾಡಲು ಕಲಿಯುತ್ತಿದ್ದೀರಿ ಅಂತ ಕೇಳುತ್ತೇನೆ. ಕೊರಿಯಾದವರು ವಿಯೆಟ್ನಾಮಿನ ಕಾರ್ಖಾನೆಯ ಜೊತೆ, ಟರ್ಕಿಯವರು ಜರ್ಮನಿಯ ಗ್ರಾಹಕರ ಜೊತೆ ಮಾತಾಡಬೇಕಿರುತ್ತದೆ. ಆ ಮಾತುಕತೆಯಲ್ಲಿ ಅಮೆರಿಕನ್ನರು ಯಾರೂ ಇರುವುದಿಲ್ಲ. ಇಂಥ ಮಾತುಕತೆಗಳನ್ನು ಕೂತು ಗಮನಿಸಿದ ಬ್ರಿಟನ್ನಿನ ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್, ಯಾವ ತಪ್ಪುಗಳಿಂದ ನಿಜವಾಗಿ ಅರ್ಥ ಕೆಡುತ್ತದೆ ಅಂತ 2000ರಲ್ಲಿ ವಿಂಗಡಿಸಿ ಕೊಟ್ಟರು. ಸ್ವರದ ಉದ್ದ, ಪದದ ಶುರುವಿನ ಒತ್ತಕ್ಷರ, ವಾಕ್ಯದಲ್ಲಿ ಯಾವ ಪದದ ಮೇಲೆ ಒತ್ತು ಬೀಳಬೇಕು, ಇವು ಮುಖ್ಯ. 'ಥಿಂಕ್' ಅನ್ನುವಾಗ ನಾಲಿಗೆ ಹಲ್ಲಿನ ನಡುವೆ ಬಂತೋ ಇಲ್ಲವೋ ಅನ್ನುವುದು ಅಷ್ಟೇನೂ ಮುಖ್ಯವಲ್ಲ. ತಿಂಗಳುಗಟ್ಟಲೆ ಆ ಒಂದು ಸದ್ದಿನ ಹಿಂದೆ ಬಿದ್ದು ನೊಂದವರಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು.

ಈಗ ಪರದೇಶದ ಮಾತಿಗೆ ಬರುತ್ತೇನೆ. ನನ್ನ ಪಾಠವನ್ನು ಅತಿ ಹೆಚ್ಚು ಬದಲಿಸಿದ್ದು ಇಲ್ಲಿನ ಬದುಕೇ. ಓದಿಕೊಂಡ, ದುಡಿಯುವ, ಮನೆ ನಡೆಸುವ ವಯಸ್ಸಿನ ಮನುಷ್ಯ ಒಂದು ಸರ್ಕಾರಿ ಕಚೇರಿಯ ಕೌಂಟರಿನ ಮುಂದೆ ನಿಂತು ಚಿಕ್ಕ ಮಗುವಿನ ಹಾಗೆ ಬೆರಳು ತೋರಿಸಬೇಕಾಗುತ್ತದೆ. ಡಾಕ್ಟರ ಹತ್ತಿರ ನೋವು ಎಲ್ಲಿ ಅಂತ ಹೇಳಬಹುದು, ಎಂಥ ನೋವು ಅಂತ ಹೇಳಲಾಗುವುದಿಲ್ಲ. ತಮಾಷೆ ಮಾಡಲು ಆಗುವುದಿಲ್ಲ. ಜಗಳ ಆಡಲಂತೂ ಆಗುವುದೇ ಇಲ್ಲ. ಎದುರಿನವರು ಪಾಪ ಅಂತ ನಮ್ಮ ವಾಕ್ಯವನ್ನು ತಾವೇ ಮುಗಿಸಿಕೊಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಆಗ ಒಳಗೆ ಏನೋ ಕುಗ್ಗುತ್ತದೆ.

ಪರದೆಯ ಆ ಕಡೆ ಕೂತ ವಿದ್ಯಾರ್ಥಿಗೂ ಹೀಗೇ ಆಗುತ್ತಿರುತ್ತದೆ. ಅದಕ್ಕೇ ನಾನು ಅವರ ವಾಕ್ಯ ಮುಗಿಸುವುದಿಲ್ಲ. ಕಾಯುತ್ತೇನೆ. ಇದು ಹೇಳಲು ಸುಲಭ, ಮಾಡಲು ಕಷ್ಟ. ಹತ್ತು ಭಾಷೆಗಳ ಮಾತುಕತೆಯನ್ನು ಹೋಲಿಸಿದ 2009ರ ಒಂದು ಅಧ್ಯಯನದ ಪ್ರಕಾರ, ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ನಮ್ಮ ಕಿವಿ ಆ ಲಯಕ್ಕೆ ಪಳಗಿದೆ. ಇಂಟರ್‌ನೆಟ್ ಸ್ವಲ್ಪ ತಡಮಾಡಿದರೂ ಆ ಲಯ ಕೆಡುತ್ತದೆ. ಎದುರಿನವರು ಯೋಚಿಸುತ್ತಿದ್ದಾರೋ, ಸಂಪರ್ಕ ಕಡಿದಿದೆಯೋ ಗೊತ್ತಾಗುವುದಿಲ್ಲ. ಶಿಕ್ಷಕರು ಗಾಬರಿಯಾಗಿ ತಾವೇ ಮಾತಾಡಿಬಿಡುತ್ತಾರೆ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ತರಗತಿಗಳನ್ನು ಗಮನಿಸಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂತಿದ್ದ ಮಕ್ಕಳೂ ಬಾಯಿ ತೆರೆಯುತ್ತಾರೆ. ಅವರು ನೋಡಿದ್ದು ತಮ್ಮದೇ ಭಾಷೆಯಲ್ಲಿ ಉತ್ತರ ಹೇಳುವ ಮಕ್ಕಳನ್ನು. ಬೇರೆ ಭಾಷೆಯಲ್ಲಿ, ಅದೂ ಪರದೆಯ ಮೂಲಕ ಅಂದರೆ ಇನ್ನೂ ಜಾಸ್ತಿ ಬೇಕು. ಹೊಸ ವಿದ್ಯಾರ್ಥಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ: ನಾನು ಸುಮ್ಮನಿದ್ದರೆ ಲೈನ್ ಹೋಗಿದೆ ಅಂತಲ್ಲ, ನಿಮಗಾಗಿ ಕಾಯುತ್ತಿದ್ದೇನೆ.

ಮೊದಲ ದಿನ ಕಲಿಸುವ ವಾಕ್ಯಗಳೂ ಬದಲಾಗಿವೆ. ಹೆಸರು, ಊರು, ಹವ್ಯಾಸ ಆಮೇಲೆ ಆಗಲಿ. ಮೊದಲು ಬೇಕಾದದ್ದು ಸಿಕ್ಕಿಹಾಕಿಕೊಂಡಾಗ ಬಿಡಿಸಿಕೊಳ್ಳುವ ಮಾತುಗಳು. ಇನ್ನೊಮ್ಮೆ ಹೇಳಿ, ಸ್ವಲ್ಪ ನಿಧಾನ, ಬರೆದು ತೋರಿಸುತ್ತೀರಾ, ನೀವು ಹೇಳಿದ್ದು ಹೀಗೆ ಅಲ್ವಾ, ಒಂದು ನಿಮಿಷ ಕೊಡಿ. ಇಷ್ಟು ಬಾಯಿಗೆ ಬಂದರೆ ಮನುಷ್ಯ ಧೈರ್ಯವಾಗಿ ಮಾತುಕತೆಗೆ ಇಳಿಯಬಹುದು. ಪರದೇಶದಲ್ಲಿ ನನಗೆ ಆಸರೆಯಾದದ್ದು ಇವೇ ಮಾತುಗಳು, ಅಲ್ಲಿನ ಭಾಷೆಯಲ್ಲಿ.

ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಜನ ತಾವೂ ದೇಶ ಬಿಡಲು ಹೊರಟವರು. ನರ್ಸುಗಳನ್ನೇ ನೋಡಿ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ದಾರಿ ಹಿಡಿದರೆ ಕೇಳುವುದು, ಓದುವುದು, ಮಾತಾಡುವುದರಲ್ಲಿ 7, ಬರೆಯುವುದರಲ್ಲಿ 6.5 ಅಂಕ ಬೇಕು. ಆ ಪರೀಕ್ಷೆಯ ಫಲಿತಾಂಶಕ್ಕೆ 2 ವರ್ಷ ಆಯಸ್ಸು. ರಾತ್ರಿ ಪಾಳಿ ಮುಗಿಸಿ ಕಣ್ಣು ಎಳೆಯುತ್ತಿದ್ದರೂ ಪಾಠಕ್ಕೆ ಬಂದು ಕೂರುವವರು ಇವರು. ಅವರಿಗೆ ಪರೀಕ್ಷೆಯ ತಯಾರಿ ಮಾಡಿಸುತ್ತೇನೆ. ಅದರ ಜೊತೆ ಪರೀಕ್ಷೆ ಕೇಳದ ಒಂದು ವಿಷಯವನ್ನೂ ಸೇರಿಸುತ್ತೇನೆ, ಫೋನ್ ಮಾತು.

ಹೊಸ ದೇಶದಲ್ಲಿ ಎಲ್ಲಕ್ಕಿಂತ ಹೆದರಿಸುವುದು ಫೋನ್. ಎದುರಿನವರ ತುಟಿ ಕಾಣುವುದಿಲ್ಲ, ಕೈ ಕಾಣುವುದಿಲ್ಲ. ಅದರ ಮೇಲೆ ಹಳೆಯ ಬಗೆಯ ಟೆಲಿಫೋನ್ ಲೈನು 3,400 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ದಾಟಿಸುವುದೇ ಇಲ್ಲ. 'ಸ' ಮತ್ತು 'ಫ' ಬೇರೆ ಬೇರೆ ಅಂತ ತೋರಿಸುವ ಸದ್ದು ಹೆಚ್ಚಾಗಿ ಇರುವುದು ಅದಕ್ಕಿಂತ ಮೇಲೆ. ಮನೆಮಾತಿನಲ್ಲಾದರೆ ಕಳೆದದ್ದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಕಲಿಯುತ್ತಿರುವ ಭಾಷೆಯಲ್ಲಿ ತುಂಬಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಪಾಠದ ಕೊನೆಯ ಭಾಗದಲ್ಲಿ ಇಬ್ಬರೂ ಕ್ಯಾಮೆರಾ ಮುಚ್ಚುತ್ತೇವೆ. ನಾನು ಆಸ್ಪತ್ರೆಯ ವಾರ್ಡಿನವನಾಗುತ್ತೇನೆ, ಮನೆ ಬಾಡಿಗೆಗೆ ಕೊಡುವವನಾಗುತ್ತೇನೆ, ಬ್ಯಾಂಕಿನವನಾಗುತ್ತೇನೆ. ಹೆಸರನ್ನು ಅಕ್ಷರ ಬಿಡಿಸಿ ಹೇಳಿಸುತ್ತೇನೆ, ಔಷಧದ ಪ್ರಮಾಣವನ್ನು ಎರಡು ಸಲ ಓದಿಸುತ್ತೇನೆ. ಈ ಪಾಠದ ಅಗತ್ಯ ಹೊಳೆದದ್ದು ನಾನು ಪರದೇಶದಲ್ಲಿ ಫೋನ್ ರಿಂಗಾದಾಗ ಬೆವರಿದ್ದರಿಂದ.

ದುಡ್ಡು, ಕಾಗದಪತ್ರದ ವಿಷಯ ಹೇಳಿಬಿಡುತ್ತೇನೆ. ತಾಣಗಳು ಪುಕ್ಕಟೆ ಕೆಲಸ ಮಾಡುವುದಿಲ್ಲ. ಪ್ರೆಪ್ಲಿಯಲ್ಲಿ ಹೊಸ ವಿದ್ಯಾರ್ಥಿಯ ಮೊದಲ ಪಾಠದ ಹಣ ಪೂರ್ತಿ ತಾಣಕ್ಕೇ ಹೋಗುತ್ತದೆ. ಆಮೇಲೆ ಕಮಿಷನ್ ಶೇಕಡ 33ರಿಂದ ಶುರುವಾಗಿ, ಕಲಿಸಿದ ಗಂಟೆಗಳು ಹೆಚ್ಚಿದ ಹಾಗೆ ಶೇಕಡ 18ಕ್ಕೆ ಇಳಿಯುತ್ತದೆ. ಪಾಠದ ತಯಾರಿಗೆ, ತಿದ್ದುವುದಕ್ಕೆ ಹಿಡಿಯುವ ಹೊತ್ತಿಗೆ ಯಾರೂ ಹಣ ಕೊಡುವುದಿಲ್ಲ. ಗಂಟೆಯ ದರ ನೋಡಿ ಲೆಕ್ಕ ಹಾಕಬೇಡಿ, ತಿಂಗಳ ಕೊನೆಗೆ ಕೈಗೆ ಬಂದದ್ದನ್ನು ದುಡಿದ ಎಲ್ಲ ಗಂಟೆಗಳಿಂದ ಭಾಗಿಸಿ ನೋಡಿ.

ವೀಸಾ ವಿಷಯದಲ್ಲಿ ಗಾಳಿಮಾತು ನಂಬಲೇಬಾರದು. ಪಾಠ ಕೇಳುವವರು ಬೇರೆ ದೇಶದಲ್ಲಿದ್ದಾರೆ, ಹಣ ಬೇರೆ ದೇಶದಿಂದ ಬರುತ್ತದೆ, ಆದ್ದರಿಂದ ಪ್ರವಾಸಿ ವೀಸಾ ಸಾಕು ಅಂತ ಹೇಳುವವರು ತುಂಬಾ ಜನ ಸಿಗುತ್ತಾರೆ. ಅನೇಕ ದೇಶಗಳು ಕೂತು ದುಡಿಯುವ ಜಾಗವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಅಮೆರಿಕದಲ್ಲಿ ಎಚ್-4 ವೀಸಾದಲ್ಲಿ ಸಂಗಾತಿಯ ಜೊತೆ ಹೋದವರು ದುಡಿಯಬೇಕಾದರೆ ಪ್ರತ್ಯೇಕ ಅನುಮತಿ ಬೇಕು. 2015ರಿಂದ ಅದು ಅವರಲ್ಲಿ ಕೆಲವರಿಗೆ ಮಾತ್ರ ಸಿಗುತ್ತಿದೆ. ದೂರದಿಂದ ದುಡಿಯುವವರಿಗಾಗಿಯೇ ಎಸ್ಟೋನಿಯಾ 2020ರ ಆಗಸ್ಟ್‌ನಲ್ಲಿ ಬೇರೆ ವೀಸಾ ತಂದಿತು. ಆಮೇಲೆ ಕ್ರೊಯೇಷಿಯಾ, ಪೋರ್ಚುಗಲ್, ಸ್ಪೇನ್ ಕೂಡ ತಂದವು. ಇವಕ್ಕೆಲ್ಲ ತಿಂಗಳಿಗೆ ಇಂತಿಷ್ಟು ಆದಾಯ ತೋರಿಸಬೇಕು. ಆ ಮಟ್ಟ ಮುಟ್ಟದ ಶಿಕ್ಷಕರೇ ಹೆಚ್ಚು ಎನ್ನುವುದು ನನ್ನ ಅನುಭವ. ತೆರಿಗೆಯೂ ಅಷ್ಟೆ. ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಇದ್ದರೆ ಬಹಳಷ್ಟು ದೇಶಗಳು ನಿಮ್ಮನ್ನು ತಮ್ಮ ತೆರಿಗೆದಾರರೆಂದು ಎಣಿಸುತ್ತವೆ.

ಗಡಿಯಾರದ ಕಥೆ ಬೇರೆಯೇ. ಜಪಾನ್, ಕೊರಿಯಾ ಯುಟಿಸಿ ಅನ್ನುವ ಜಾಗತಿಕ ಸಮಯಕ್ಕಿಂತ 9 ಗಂಟೆ ಮುಂದೆ. ಚೀನಾ ಇಡೀ ದೇಶಕ್ಕೆ ಒಂದೇ ಸಮಯ, 8 ಗಂಟೆ ಮುಂದೆ. ಕೆಲವು ದೇಶಗಳು ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತವೆ, ಈ ಮೂರೂ ದೇಶಗಳು ತಿರುಗಿಸುವುದಿಲ್ಲ. ಟರ್ಕಿ 2016ರಲ್ಲಿ ತಿರುಗಿಸುವುದನ್ನು ಬಿಟ್ಟಿತು, ಬ್ರೆಜಿಲ್ 2019ರಲ್ಲಿ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ತಿರುಗಿಸುತ್ತದೆ, ಯುರೋಪ್ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರಗಳಲ್ಲಿ ಈ ಕೆಲಸ ಮಾಡುವ ಎಲ್ಲರೂ ದಿನಾ ಬೆಳಗ್ಗೆ ಎದ್ದು ವೇಳಾಪಟ್ಟಿಯನ್ನು ಎರಡೆರಡು ಸಲ ನೋಡುತ್ತಾರೆ. ವಿದ್ಯಾರ್ಥಿಗಳಿಗೆ ಬಿಡುವು ಸಿಗುವುದು ಅವರ ಸಂಜೆ. ಅದು ನಮ್ಮ ನಸುಕೋ, ನಡುರಾತ್ರಿಯೋ, ಊಟದ ಹೊತ್ತೋ ಆಗಿರುತ್ತದೆ. ಮನೆಯವರು ಇದಕ್ಕೆ ಒಪ್ಪಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ಕಷ್ಟ ಒಂದಿದೆ. ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಇಡೀ ದಿನ ಮಾತಾಡಿರುತ್ತೇವೆ, ಗಂಟಲು ಒಣಗಿರುತ್ತದೆ, ಆದರೆ ನಾವಿರುವ ಊರಿನ ಒಬ್ಬರ ಜೊತೆಗೂ ಮಾತಾಡಿರುವುದಿಲ್ಲ. ಆಫೀಸಿಗೆ ಹೋಗುವ ವಲಸಿಗರಿಗೆ ಸಹೋದ್ಯೋಗಿಗಳು ಇರುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಗೆ ಗೆಳೆಯರು ಸಿಗುತ್ತಾರೆ, ಅವರು ಕೆಲವೇ ತಿಂಗಳಲ್ಲಿ ಅಲ್ಲಿನ ಭಾಷೆ ಹಿಡಿದುಬಿಡುತ್ತಾರೆ. ಆನ್‌ಲೈನ್ ಶಿಕ್ಷಕರಿಗೆ ಹೊರಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಕೆಲಸವೂ ಪರದೆಯಲ್ಲಿ, ಸ್ನೇಹವೂ ಪರದೆಯಲ್ಲಿ. ಹೀಗೆ ವರ್ಷಗಳು ಕಳೆದು, ಭಾಷೆ ಕಲಿಸುವವರೇ ತಾವಿರುವ ಜಾಗದ ಭಾಷೆ ಬಾರದವರಾಗಿ ಉಳಿದುಬಿಡುತ್ತಾರೆ. ಅಂಥ ಬಹಳ ಜನರನ್ನು ನೋಡಿದ್ದೇನೆ, ನನಗೆ ಅದು ನೋವು ಕೊಡುತ್ತದೆ. ಬದುಕು ಬಡವಾಗುತ್ತದೆ. ಪಾಠವೂ ಬಡವಾಗುತ್ತದೆ. ಕಲಿಯುವವರ ಪಾಡು ಏನು ಅನ್ನುವುದು ನಿಧಾನವಾಗಿ ಮರೆತುಹೋಗುತ್ತದೆ.

ಅದಕ್ಕೇ ನಾನು ಇಲ್ಲಿನ ಭಾಷೆ ಕಲಿಸುವ ತರಗತಿಗೆ ಹೋಗುತ್ತೇನೆ. ಆನ್‌ಲೈನ್ ಅಲ್ಲ, ಬೆಂಚಿನ ಮೇಲೆ ಕೂರುವ ತರಗತಿ. ಆ ಹೊತ್ತಿಗೆ ಪಾಠ ಬೇಕು ಅಂತ ಕೇಳುವ ವಿದ್ಯಾರ್ಥಿಗಳಿದ್ದರೂ ಕೊಡುವುದಿಲ್ಲ, ಸಂಪಾದನೆ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಅಲ್ಲಿನ ಟೀಚರ್ ಒಂದು ಅಭ್ಯಾಸ ಇಟ್ಟುಕೊಂಡಿದ್ದಾರೆ. ಪ್ರಶ್ನೆ ಕೇಳಿದ ಮೇಲೆ ಎಲ್ಲರ ಮುಂದೆ ಉತ್ತರ ಹೇಳಿಸುವ ಮೊದಲು, ಪಕ್ಕದವರಿಗೆ ಒಮ್ಮೆ ಹೇಳಿನೋಡಿ ಅನ್ನುತ್ತಾರೆ. ಆ ಒಂದು ಸುತ್ತಿನಲ್ಲಿ ಅರ್ಧ ಹೆದರಿಕೆ ಹೋಗುತ್ತದೆ, ಅರ್ಧ ತಪ್ಪುಗಳೂ ಹೋಗುತ್ತವೆ.

ಒಬ್ಬರಿಗೆ ಒಬ್ಬರು ಕಲಿಸುವ ಆನ್‌ಲೈನ್ ಪಾಠದಲ್ಲಿ ಪಕ್ಕದವರು ಇರುವುದಿಲ್ಲವಲ್ಲ. ಅದರ ಬದಲು ನಾನು ಮೈಕ್ ಮ್ಯೂಟ್ ಮಾಡಿಸುತ್ತೇನೆ. ಒಂದು ನಿಮಿಷ ನಿಮ್ಮಷ್ಟಕ್ಕೆ ನೀವು ಗಟ್ಟಿಯಾಗಿ ಹೇಳಿಕೊಳ್ಳಿ, ನನಗೆ ಕೇಳಿಸುವುದಿಲ್ಲ, ಆಮೇಲೆ ಮೈಕ್ ಹಾಕಿ. ಪರದೆಯಲ್ಲಿ ಅವರ ತುಟಿ ಅಲುಗುವುದು ಕಾಣುತ್ತದೆ, ಕೆಲವರು ಎದ್ದು ಓಡಾಡುತ್ತಾ ಹೇಳಿಕೊಳ್ಳುತ್ತಾರೆ. ಮೈಕ್ ಹಾಕಿದ ಮೇಲೆ ಬರುವ ವಾಕ್ಯ ಬೇರೆಯೇ ಇರುತ್ತದೆ, ಉದ್ದವಾಗಿ, ಧೈರ್ಯವಾಗಿ. ಟರ್ಕಿಯ ಒಬ್ಬ ಹೆಂಗಸು ಕೆಲಸದ ಸಂದರ್ಶನಕ್ಕೆ ಹೀಗೇ ತಯಾರಾದರು. ಆಮೇಲೆ ತಮ್ಮ ಮಗಳಿಗೂ ಮನೆಯಲ್ಲಿ ಇದನ್ನೇ ಮಾಡಿಸುತ್ತಿದ್ದೇನೆ ಅಂತ ಬರೆದರು.

ಇಂಗ್ಲಿಷ್ ಕಲಿಯಲು ಶಿಕ್ಷಕರನ್ನು ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ, ಮನೆಮಾತು ಯಾವುದು ಅನ್ನುವ ಆ ಆಯ್ಕೆಯನ್ನು ಒತ್ತದೆ ಹುಡುಕಿ ನೋಡಿ. ಪರಿಚಯದ ಮೊದಲ ಪಾಠದಲ್ಲಿ ಎರಡು ವಿಷಯ ಗಮನಿಸಿ. ನೀವು ತಡವರಿಸಿದಾಗ ಅವರು ಏನು ಮಾಡಿದರು? ಕಾದರಾ, ಇಲ್ಲಾ ನಿಮ್ಮ ವಾಕ್ಯವನ್ನು ಕಿತ್ತುಕೊಂಡು ತಾವೇ ಮುಗಿಸಿದರಾ? ಮತ್ತೆ, ಅರ್ಧಕ್ಕಿಂತ ಜಾಸ್ತಿ ಹೊತ್ತು ಮಾತಾಡಿದ್ದು ಯಾರು? ಅವರೇ ಆಗಿದ್ದರೆ, ಅವರ ಉಚ್ಚಾರ ಎಷ್ಟೇ ಚೆನ್ನಾಗಿರಲಿ, ಅವರು ಹುಟ್ಟಿದ್ದು ಎಲ್ಲೇ ಆಗಿರಲಿ, ಎರಡನೇ ಪಾಠವನ್ನು ಬೇರೆಯವರ ಹತ್ತಿರ ತೆಗೆದುಕೊಳ್ಳಿ.